ಹೂಂ ಅನ್ನಲಾಗದ ಪ್ರಶ್ನೆಗಳು

ಹಾಲು ಕಾಸಿದ್ದು. ನಳಕ್ಕೆ ನೀರು ಬಂದಿದ್ದರಿಂದ ಕೊಡಗಳನ್ನೂ ಹಿತ್ತಲಿನ ಬ್ಯಾರಲನ್ನೂ ತುಂಬಿಸಿದ್ದು. ಪಡಸಾಲೆಯ ಹಾಸುಗಲ್ಲನ್ನು ಒದ್ದೆ ಬಟ್ಟೆಯಿಂದ ಒರೆಸಿದ್ದು. ಶಹಾಬಾದದ ಕಲ್ಲು ಒದ್ದೆಯಾದಾಗ ಮಾತ್ರ ತನ್ನ ನೀಲಿ ತೋರಿಸುತ್ತದೆ, ಒಣಗಿದರೆ ಮತ್ತೆ ಬೂದಿ. ಪುಂಡಿ ಸೊಪ್ಪು ಸೋಸಿ ಪಲ್ಯ ಮಾಡಿದ್ದು. ಮೂಲೆಯ ಖಾನಾವಳಿಯಿಂದ ರೊಟ್ಟಿ ತಂದಿದ್ದು. ಅಂಗಿಯ ಕಿತ್ತ ಗುಂಡಿ ಹಚ್ಚಿದ್ದು. ಹೆಂಡತಿಗೆ ಫೋನ್ ಮಾಡಿ "ಆರಾಮ ಅದಿಯಿಲ್ಲ?" ಎಂದು ಕೇಳಿದ್ದು, "ಆರಾಮ ಅದೀನ್ರಿ, ನೀವು ಚಿಂತಿ ಮಾಡಬ್ಯಾಡ್ರಿ" ಎಂಬ ಉತ್ತರ ಕೇಳಿ ಫೋನ್ ಇಟ್ಟದ್ದು. ಮಧ್ಯಾಹ್ನದ ಪಾಳಿಗೆ ಹೊರಡುವ ಮುಂಚೆ ಆ ದಿನ ನಾನು ಮಾಡಿದ ಕೆಲಸಗಳು ಇವು. ಫೋನನ್ನೂ ಕೆಲಸಗಳ ಸಾಲಿನಲ್ಲೇ ಸೇರಿಸಿದ್ದೇನೆ. ಆಗ ಅದು ಕೆಲಸವೇ ಆಗಿತ್ತು.

ಹೆಂಡತಿ ಚಿಂಚೋಳಿ ತಾಲ್ಲೂಕಿನಲ್ಲಿ, ಐನಾಪುರದಿಂದಾಚೆ ಒಂದು ಹಳ್ಳಿಯ ದವಾಖಾನೆಯಲ್ಲಿ ನರ್ಸ್. ವರ್ಗವಾಗಿ ಹೋಗುವಾಗ ಒಂದು ಹಾಸಿಗೆ, ಒಂದು ಕುಕ್ಕರ್, ಎರಡು ತಾಟು ಕಟ್ಟಿಕೊಂಡಿದ್ದಳು. ಒಬ್ಬಳಿಗೆ ಎರಡು ತಾಟು ಯಾಕೆ ಎಂದು ಕೇಳಿದ್ದಕ್ಕೆ, "ನೀವು ಬಂದಾಗ ಕೈಯಾಗ ಹಾಕಲೇನ್ರಿ?" ಎಂದಿದ್ದಳು. ನಾನು ಹೋದದ್ದೇ ಇಲ್ಲ. ನನಗೆ ರಜೆ ಸಿಕ್ಕಾಗ ಅವಳ ಊರಿನಲ್ಲಿ ಯಾರದೋ ಹೆರಿಗೆ, ಅವಳಿಗೆ ಸಿಕ್ಕಾಗ ಅವಳೇ ಬಂದುಬಿಡುತ್ತಿದ್ದಳು. ಬಂದರೆ ನನಗೆ ಪಾಳಿ. ನಮಗೆ ಮಕ್ಕಳಿಲ್ಲ. ಇಬ್ಬರೂ ಎರಡು ಕಡೆಯಾದ ಮೇಲೆ ಮನೆಯಲ್ಲಿ ಸಪ್ಪಳವೆಂದರೆ ಫ್ರಿಜ್ಜಿನದು, ಮತ್ತು ದೂರದಲ್ಲಿ ವಾಡಿಯ ಕಡೆ ಹೋಗುವ ಗೂಡ್ಸ್ ಗಾಡಿಗಳದು.

ನನ್ನ ಕೆಲಸ ವಿಮಾನಗಳ ಜೊತೆ ಮಾತಾಡುವುದು. ಹೀಗೆಂದರೆ ಜನ ದೊಡ್ಡದೇನನ್ನೋ ಊಹಿಸುತ್ತಾರೆ. ನಮ್ಮದು ಸಣ್ಣ ನಿಲ್ದಾಣ. ಹಾರಲು ಕಲಿಯುವವರ ಪುಟ್ಟ ವಿಮಾನಗಳೇ ಅಲ್ಲಿ ಹೆಚ್ಚು. ರಾಡಾರ್ ಇಲ್ಲ. ಗೋಪುರದ ಮೇಲೆ ಸುತ್ತ ಗಾಜಿನ ಕೋಣೆ, ಒಂದು ಕುರ್ಚಿ, ಒಂದು ದುರ್ಬೀನು, ಒಂದು ರೇಡಿಯೋ. ಕಣ್ಣಿಗೆ ಕಾಣುವಷ್ಟು ಹತ್ತಿರ ಬರುವವರೆಗೆ ವಿಮಾನವೆಂದರೆ ನನ್ನ ಪಾಲಿಗೆ ಬರೀ ಒಂದು ಧ್ವನಿ. ತಾನು ಎಲ್ಲಿದ್ದೇನೆಂದು ಆ ಧ್ವನಿ ಹೇಳಬೇಕು, ನಾನು ನಂಬಬೇಕು.

ಆ ಮಾತೆಲ್ಲ ಇಂಗ್ಲಿಷಿನಲ್ಲಿ, ಅದೂ ಅಳತೆಯ ಇಂಗ್ಲಿಷಿನಲ್ಲಿ. ಹೌದು ಅನ್ನುವುದಕ್ಕೆ ಒಂದೇ ಪದ, ಅಲ್ಲ ಅನ್ನುವುದಕ್ಕೆ ಒಂದೇ ಪದ, ನನ್ನಿಂದ ಆಗುವುದಿಲ್ಲ ಅನ್ನುವುದಕ್ಕೂ ಒಂದೇ ಪದ. ನಾನು ಹೇಳಿದ್ದನ್ನು ಅವರು ತಿರುಗಿ ಒಪ್ಪಿಸಬೇಕು. ಊಟವಾಯಿತೇ, ಮನೆ ಕಡೆ ಹೇಗಿದ್ದಾರೆ ಎನ್ನುವುದಕ್ಕೆ ಅಲ್ಲಿ ಜಾಗವಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಭಾಷೆ ನನಗೆ ಸುಣ್ಣ ಬಳಿದ ಖಾಲಿ ಗೋಡೆಯ ಹಾಗೆ ಕಾಣುತ್ತಿತ್ತು. ದಿನವಿಡೀ ಮಾತಾಡಿ ಮನೆಗೆ ಬಂದರೆ ಯಾರ ಜೊತೆಯೂ ಮಾತಾಡಿಲ್ಲವೆನ್ನಿಸುತ್ತಿತ್ತು. ಇಲ್ಲಿ ಆ ಮಾತುಗಳನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಕಲಿಯಲು ಬರುವವರು ಎಲ್ಲೆಲ್ಲಿಂದಲೋ ಬರುತ್ತಾರೆ. ಆ ವರ್ಷ ಮಾತ್ರ ನಮ್ಮ ಕಡೆಯ ಒಬ್ಬ ಹುಡುಗಿ ಇದ್ದಳು. ಚಿತ್ತಾಪುರದವಳು, ತಂದೆಗೆ ಗಾದಿ ಹೊಲಿಯುವ ಅಂಗಡಿ. ಒಮ್ಮೆ ಎಲ್ಲರನ್ನೂ ಗೋಪುರ ನೋಡಲು ಕರೆತಂದಿದ್ದರು. ನಾನು ಫೋನಿನಲ್ಲಿ ಯಾರಿಗೋ ನಮ್ಮ ಕಡೆಯ ಮಾತಿನಲ್ಲಿ ರೊಟ್ಟಿಯ ವಿಷಯ ಹೇಳುತ್ತಿದ್ದೆ. ಉಳಿದವರು ಇಳಿದು ಹೋದರೂ ಇವಳು ಬಾಗಿಲಲ್ಲೇ ನಿಂತಳು.

"ನೀವು ನಮ್ಮ ಕಡೀದವರೇನ್ರಿ?"

"ಶಹಾಬಾದ."

"ಅಯ್ಯ, ಮತ್ತ ರೇಡಿಯೋದಾಗ ಲಂಡನ್ ಸಾಹೇಬ್ರಂಗ ಮಾತಾಡ್ತೀರಲ್ರಿ."

ಮುಂದಿನ ವಾರ ಅವಳ ತಾಯಿ ಬೆಲ್ಲ ಹಾಕಿ ಮಾಡಿದ ಸಿಹಿ ಮಾಲ್ದಿ ಒಂದು ಡಬ್ಬಿಯಲ್ಲಿ ಬಂತು. ಆಮೇಲೆ ನಾನು ಅವಳಿಗೆ ಕಾಕಾ ಆದೆ. ರೇಡಿಯೋದಲ್ಲಲ್ಲ, ಅಂಗಳದಲ್ಲಿ, ಚಹಾ ಅಂಗಡಿಯಲ್ಲಿ. ಯಾರಾದರೂ ನನ್ನನ್ನು ಹಾಗೆ ಕರೆದು ಬಹಳ ಕಾಲವಾಗಿತ್ತು.

ಆ ದಿನ ಪಾಳಿಗೆ ಬಂದಾಗ ಬಿಸಿಲಿತ್ತು. ಹಿಂಗಾರಿನ ಹೊತ್ತು, ಸುತ್ತಲಿನ ಹೊಲಗಳಲ್ಲಿ ತೊಗರಿ ಎದೆ ಮಟ್ಟ ಬೆಳೆದಿತ್ತು. ಮೆಟ್ಟಿಲ ಬುಡದಲ್ಲಿ ಬೆಂಕಿ ಆರಿಸುವ ಗಾಡಿಯ ಡ್ರೈವರ್ ಟೈರಿಗೆ ಗಾಳಿ ನೋಡುತ್ತಿದ್ದ. ನನ್ನ ಊರಿನವನೇ, ನನ್ನ ಓರಗೆಯವನು.

"ಸಾಹೇಬ್ರ, ಡಬ್ಬಿಯಾಗ ಏನದ ಇವತ್ತ?"

"ಪುಂಡಿ ಪಲ್ಯ."

"ನಿನ್ನಿನೂ ಅದೇ ಇತ್ತಲ್ರಿ. ವೈನಿ ಬರೂತನಕ ನಮಗೂ ಇದೇ ವಾಸನಿ ಬಂತಲ್ಲಪಾ."

"ನಿನಗ ಯಾರು ಮೂಸು ಅಂದಾರ?"

ಅವನು ನಗುತ್ತ ಗಾಡಿಯ ಕೆಳಗೆ ತೂರಿಕೊಂಡ. ನಾನು ಮೇಲೆ ಹತ್ತಿ ಬೆಳಗಿನ ಪಾಳಿಯವರನ್ನು ಕಳಿಸಿ ಒಬ್ಬನೇ ಕುಳಿತೆ. ಹುಡುಗಿ ಆಗಲೇ ಹೊರಟಿದ್ದಳು. ಜೊತೆಗೆ ಯಾರೂ ಇಲ್ಲದೆ ದೂರ ಹಾರಿ ಬರುವ ಅಭ್ಯಾಸ: ಚಿಂಚೋಳಿಯವರೆಗೆ ಹೋಗಿ, ಸೇಡಂ, ಚಿತ್ತಾಪುರದ ಮೇಲೆ ತಿರುಗಿ ಬರುವುದು.

ಇಳಿಹೊತ್ತಿಗೆ ಈಶಾನ್ಯದಲ್ಲಿ ಮೋಡ ಎದ್ದಿತು. ಮೊದಲು ಕಾದ ಹಾಲಿನ ಕೆನೆಯ ಹಾಗೆ, ನೋಡುತ್ತಿದ್ದಂತೆ ಬುಡ ಕಪ್ಪಾಗಿ ಪಶ್ಚಿಮಕ್ಕೆ ನಡೆಯತೊಡಗಿತು. ಹತ್ತಿರದಲ್ಲಿದ್ದ ವಿಮಾನಗಳನ್ನು ಒಂದೊಂದಾಗಿ ಇಳಿಸಿಕೊಂಡೆ. ಅವಳೊಬ್ಬಳು ಉಳಿದಳು.

"ಸೇಡಂ ಮೇಲಿದ್ದೇನೆ. ಮೂರು ಸಾವಿರ ಅಡಿ. ಬಲಕ್ಕೆ ಮಳೆ," ಎಂದಳು. ಅಳತೆಯ ಇಂಗ್ಲಿಷು, ಒಂದು ಅಕ್ಷರ ಹೆಚ್ಚಿಲ್ಲ.

"ಮಳೆಯ ಎಡಕ್ಕೇ ಉಳಿಯಿರಿ. ಚಿತ್ತಾಪುರ ಬಂದಾಗ ತಿಳಿಸಿ," ಎಂದೆ. ಅವಳು ತಿರುಗಿ ಒಪ್ಪಿಸಿದಳು.

ಚಿತ್ತಾಪುರದಿಂದ ಅವಳ ಕರೆ ಬರಬೇಕಾದ ಹೊತ್ತಿಗೆ ಬರಲಿಲ್ಲ. ಪೂರ್ವದ ಗಾಜಿನಲ್ಲಿ ದಿನವೂ ಕಾಣುವ ಸಿಮೆಂಟ್ ಕಾರ್ಖಾನೆಯ ಚಿಮಣಿ ಅಳಿಸಿಹೋಗಿತ್ತು. ನಮ್ಮ ಕಡೆ ಎತ್ತರದ ಬೆಟ್ಟಗಳಿಲ್ಲ. ಕೆಳಗೆ ಹಾರುವವರು ಅಂಜಬೇಕಾದದ್ದು ಚಿಮಣಿಗಳಿಗೆ: ಸೇಡಂನಲ್ಲಿ, ಚಿತ್ತಾಪುರದ ದಾರಿಯಲ್ಲಿ, ವಾಡಿಯಲ್ಲಿ, ಎಲ್ಲಿ ನೋಡಿದರೂ ಒಂದು ನಿಂತಿರುತ್ತದೆ. ಕರೆದೆ. ಇನ್ನೊಮ್ಮೆ ಕರೆದೆ. ಅವಳಿಗೆ ಹಾರಲು ಕಲಿಸುವ ಶಿಕ್ಷಕರು ಮೆಟ್ಟಿಲು ಹತ್ತಿ ಬಂದು ನನ್ನ ಬೆನ್ನ ಹಿಂದೆ ನಿಂತರು. ಉತ್ತರದ ಕಡೆಯವರು, ಕನ್ನಡ ಬಾರದು.

ಆಗ ಧ್ವನಿ ಬಂತು, ಬಹಳ ಸಣ್ಣದಾಗಿ, ಕನ್ನಡದಲ್ಲಿ.

"ಕಾಕಾ, ಮುಂದ ಭಾಳ ಕಪ್ಪ ಆಗ್ಯಾದ್ರಿ."

ರೇಡಿಯೋದಲ್ಲಿ ಹಾಗೆ ಕರೆಯುವಂತಿಲ್ಲ, ಕರೆದರೆ ಹಾಗೆ ಉತ್ತರಿಸುವಂತಿಲ್ಲ. ಆದರೆ ಕಾಕಾ ಅಂದ ಮೇಲೆ ಇಂಗ್ಲಿಷಿನಲ್ಲಿ ಹೇಗೆ ಮಾತಾಡಲಿ? ಆ ಕ್ಷಣಕ್ಕೆ ಅದು ಅಂಜಿದ ಮಗುವಿನ ಮುಂದೆ ಬಾಗಿಲು ಮುಚ್ಚಿದಂತೆ ಕಂಡಿತು.

"ಅಂಜಬ್ಯಾಡವ್ವಾ, ನಾ ಅದೀನಲ್ಲ ಇಲ್ಲಿ. ಕೆಳಗ ಕಾಗಿಣಾ ಹೊಳಿ ಕಾಣಾಕತ್ತದೇನು?"

"ಹೂಂರಿ ಕಾಕಾ."

"ರೈಲ್ವೆ ಲೈನು?"

"ಹೂಂರಿ, ಅದೂ ಕಾಣಾಕತ್ತದ."

"ಕ್ಯಾ ಬೋಲೀ?" ಎಂದರು ಶಿಕ್ಷಕರು. ಹೊಳೆಯೂ ರೈಲ್ವೆ ಹಳಿಯೂ ಕಾಣುತ್ತಿವೆಯಂತೆ ಎಂದೆ. ಅವರು ತಡೆದಿದ್ದ ಉಸಿರು ಬಿಟ್ಟದ್ದು ನನ್ನ ಕುತ್ತಿಗೆಗೆ ತಗುಲಿತು. ನೆಲ ಕಾಣುತ್ತಿದ್ದರೆ ಮೋಡದ ಕೆಳಗಿದ್ದಾಳೆ ಎಂದರ್ಥ. ಇನ್ನಷ್ಟು ಕೆಳಗಿಳಿದು ಹಳಿ ಹಿಡಿದು ಬಂದರೆ ಸಾಕು, ಅದು ಅವಳನ್ನು ರಾವೂರಿನ ಗಣಿಗಳ ಮೇಲೆ ವಾಡಿಗೆ ತಂದು ಬಿಡುತ್ತದೆ. ಇಳಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದಕ್ಕೂ ಮುಂಚೆ, ಯಾವ ಕಾರಣಕ್ಕೂ ಅಲ್ಲ, ಮನೆಯ ರೂಢಿಯಿಂದ ಕೇಳಿದೆ:

"ಆರಾಮ ಅದಿಯಿಲ್ಲ?"

"ಆರಾಮ ಅದೀನ್ರಿ ಕಾಕಾ. ನೀವು ಚಿಂತಿ ಮಾಡಬ್ಯಾಡ್ರಿ."

ಆ ಮಾತನ್ನು ನಾನು ಅದೇ ದಿನ ಬೆಳಿಗ್ಗೆ ಕೇಳಿದ್ದೆ. ಅದರ ಹಿಂದಿನ ದಿನವೂ ಕೇಳಿದ್ದೆ. ನಮ್ಮ ಕಡೆ ದವಾಖಾನೆಯ ಮಂಚದ ಮೇಲೆ ಸಲೈನ್ ಹಚ್ಚಿಕೊಂಡು ಮಲಗಿದವರೂ ನೋಡಲು ಬಂದ ಹಿರಿಯರಿಗೆ ಹೇಳುವುದು ಅದನ್ನೇ. ಆರಾಮಿದ್ದವರು ಬರೀ ಆರಾಮ ಎನ್ನುತ್ತಾರೆ. ಚಿಂತೆ ಮಾಡಬೇಡಿ ಎಂದು ಸೇರಿಸುವವರು ಬೇರೆ.

ನಾನು ಕೇಳಿದ ರೀತಿಯನ್ನೂ ಆಗ ನಾನೇ ಕೇಳಿಸಿಕೊಂಡೆ. ಹೊಳೆ ಕಾಣುತ್ತಿದೆಯೇ ಎಂದು ಆಸೆಪಟ್ಟು ಕೇಳಿದ್ದೆ. ಕಾಣುತ್ತಿದೆ ಅನ್ನು ಎಂದು ಬೇಡಿಕೊಂಡ ಹಾಗೆ. ಚಿತ್ತಾಪುರದ ಮನೆಯಲ್ಲಿ ಬೆಳೆದ ಹುಡುಗಿ ಕಾಕಾನಿಗೆ ಇಲ್ಲ ಎಂದು ಹೇಗೆ ಹೇಳುತ್ತಾಳೆ? ಇಂಗ್ಲಿಷಿನಲ್ಲಿದ್ದಷ್ಟು ಹೊತ್ತು ನಾವು ಇಬ್ಬರು ಕೆಲಸದವರಾಗಿದ್ದೆವು. ಕನ್ನಡಕ್ಕೆ ಬಂದ ಕೂಡಲೇ ಒಬ್ಬರಿಗೊಬ್ಬರು ಸಮಾಧಾನ ಹೇಳತೊಡಗಿದ್ದೆವು.

ಅವಳನ್ನು ವಿಮಾನದ ಸಂಖ್ಯೆಯಿಂದ ಕರೆದೆ. ಇಂಗ್ಲಿಷಿನಲ್ಲಿ, ಎಷ್ಟು ಒಣದಾಗಿ ಸಾಧ್ಯವೋ ಅಷ್ಟು ಒಣದಾಗಿ.

"ನಿಮ್ಮ ಎತ್ತರ ಹೇಳಿ."

ರೇಡಿಯೋದಲ್ಲಿ ಬರೀ ಸರಸರ ಸದ್ದು.

"ಮತ್ತೆ ಕೇಳುತ್ತಿದ್ದೇನೆ. ಎತ್ತರ ಹೇಳಿ."

"ಎರಡು ಸಾವಿರದ ಮುನ್ನೂರು. ಇಳಿಯುತ್ತಿದೆ."

"ನೀವು ಮೋಡದೊಳಗಿದ್ದೀರೋ, ಹೊರಗಿದ್ದೀರೋ?"

"ಒಳಗೆ," ಎಂದಳು. ಧ್ವನಿ ಒಡೆದಿತ್ತು. "ನೆಲ ಕಾಣುತ್ತಿಲ್ಲ. ಯಾವಾಗಿನಿಂದಲೋ ಕಾಣುತ್ತಿಲ್ಲ."

ನೆಲ ಹುಡುಕುತ್ತ ತನಗರಿವಿಲ್ಲದೆ ಇಳಿಯುತ್ತಿದ್ದಳು, ಚಿಮಣಿಗಳು ನಿಂತಿದ್ದ ಕಡೆಗೆ. ಶಿಕ್ಷಕರ ಬೆರಳುಗಳು ನನ್ನ ಕುರ್ಚಿಯ ಬೆನ್ನನ್ನು ಹಿಡಿದವು. ನಾನು ಗಾಜಿನ ಸುತ್ತ ಕಣ್ಣಾಡಿಸಿದೆ. ನೈಋತ್ಯದಲ್ಲಿ, ಭೀಮೆಯ ಕಡೆ, ಮೋಡದ ಅಂಚಿನ ಕೆಳಗೆ ಒಂದು ಗೇಣು ಬೆಳಕು ಉಳಿದಿತ್ತು.

"ಹೊರಗೆ ನೋಡಬೇಡಿ. ರೆಕ್ಕೆ ಸಮ ಮಾಡಿ, ಮುಂದಿರುವ ಮೀಟರುಗಳನ್ನು ಮಾತ್ರ ನೋಡಿ. ಮೂರು ಸಾವಿರದ ಐನೂರಕ್ಕೆ ಏರಿ. ಏರಿದ ಮೇಲೆ ತಿಳಿಸಿ."

ಅವಳು ತಿರುಗಿ ಒಪ್ಪಿಸಿದಳು. ಏರಿ ತಿಳಿಸಿದಳು. ನಿಧಾನ ಎಡಕ್ಕೆ ತಿರುಗಿ ನೈಋತ್ಯ ಹಿಡಿಯಲು ಹೇಳಿದೆ. ಎಷ್ಟು ಇಂಧನವಿದೆ ಎಂದು ಕೇಳಿದೆ, ಸಾಕಷ್ಟಿತ್ತು. ಆಮೇಲೆ ದಿಕ್ಕು ಹೇಳಿ, ಎತ್ತರ ಹೇಳಿ, ದಿಕ್ಕು ಹೇಳಿ, ಎತ್ತರ ಹೇಳಿ, ಇಷ್ಟೇ. ಹೂಂ ಎನ್ನಲು ಬರುವಂಥ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮಳೆ ಈಗ ಗೋಪುರಕ್ಕೂ ಬಡಿಯಿತು. ಗಾಜಿನ ಮೇಲೆ ನೀರು ಹಾಳೆ ಹಾಳೆಯಾಗಿ ಇಳಿದು, ನಾನು ಅವಳನ್ನು ಕಳಿಸಿದ ಬೆಳಕೂ ನನಗೆ ಕಾಣದಾಯಿತು. ಕೆಳಗೆ ಬೆಂಕಿ ಗಾಡಿ ದೀಪ ಹಚ್ಚಿಕೊಂಡು ರನ್‌ವೇಯ ತುದಿಗೆ ಹೋಗಿ ನಿಂತಿತು. ಸಮಾಧಾನದ ಒಂದು ಮಾತು ಆಡಲು ಬಾಯಿ ತುಡಿಯುತ್ತಿತ್ತು. ಬಾಯಿಯ ಮೇಲೆ ಕೈ ಇಟ್ಟುಕೊಂಡು ಕುಳಿತೆ. ಅಷ್ಟು ಒಬ್ಬಂಟಿಯಾಗಿ ನಾನು ಎಂದೂ ಕುಳಿತಿರಲಿಲ್ಲ. ಅವಳೂ ಹಾಗೆಯೇ ಕುಳಿತಿದ್ದಳೆಂದು ಗೊತ್ತಿತ್ತು.

"ನೆಲ ಕಾಣುತ್ತಿದೆ," ಎಂದಳು.

"ಏನು ಕಾಣುತ್ತಿದೆ ಹೇಳಿ."

"ದೊಡ್ಡ ಹೊಳೆ. ನನ್ನ ಮುಂದೆ ಎಡಕ್ಕೆ ಬಾಗಿದೆ. ದಂಡೆಯಲ್ಲಿ ಒಂದು ಊರು, ಗುಡಿಯ ಗೋಪುರ. ಬಿಸಿಲಿದೆ."

ಸನ್ನತಿ ಇರಬೇಕು. ಅಲ್ಲಿಯೇ ಬಿಸಿಲಿನಲ್ಲಿ ಸುತ್ತುತ್ತಿರಲು ಹೇಳಿದೆ. ಮಳೆ ನಮ್ಮನ್ನು ದಾಟಿ ಹೋದ ಮೇಲೆ ವಾಡಿಯ ಮೇಲೆ ಕರೆತಂದೆ. ಹಳಿಗಳು ಕವಲಾಗುವುದನ್ನು ಅವಳು ಹೇಳಿದಳು, ಚಿಮಣಿ ಯಾವ ಬದಿಗಿದೆ ಎಂದು ಹೇಳಿದಳು. ಕೊನೆಗೆ ತೊಳೆದ ಆಕಾಶದಲ್ಲಿ ಒಂದು ಬಿಳಿ ಚುಕ್ಕೆ ದುರ್ಬೀನಿಗೆ ಸಿಕ್ಕಿತು. ಚಕ್ರ ನೆಲಕ್ಕೆ ತಾಗಿದಾಗ ಒದ್ದೆ ರನ್‌ವೇಯಿಂದ ನೀರು ಸಿಡಿದದ್ದು ಕಂಡಿತು. ಶಿಕ್ಷಕರು ನನ್ನ ಹೆಗಲನ್ನು ಒಮ್ಮೆ ಒತ್ತಿ ಇಳಿದು ಹೋದರು.

ಅವಳು ಮೇಲೆ ಬಂದಾಗ ನಾನು ಪಾಳಿ ಒಪ್ಪಿಸುತ್ತಿದ್ದೆ. ಮುಖ ತೊಳೆದುಕೊಂಡು ಬಂದಿದ್ದಳು. ಬಾಗಿಲ ಹತ್ತಿರವೇ ನಿಂತಳು.

"ಹೊಳಿ ಕಾಣ್ತದ ಅಂತ ಸುಳ್ಳ ಯಾಕ ಹೇಳ್ದಿ ಅಂತ ಕೇಳಂಗಿಲ್ಲೇನ್ರಿ?"

"ಇಲ್ಲ."

"ನೀವು ಅಷ್ಟು ಆಸೆಲೆ ಕೇಳಿದ್ರಿ. ಇಲ್ಲ ಅನ್ನಲಾಕ ಬಾಯಿ ಬರಲಿಲ್ಲ. ಆಮ್ಯಾಗ ನೀವು ಒಮ್ಮಿಗೇ ಇಂಗ್ಲಿಷ್ ಹಿಡದ್ರಿ. ನನ್ನ ಮ್ಯಾಲ ಸಿಟ್ಟಿಗೆದ್ದೀರಿ ಅಂತ ಅಳು ಬಂತ್ರಿ. ಅತ್ತ ಮ್ಯಾಲ ಮೀಟರ್ ಕಂಡ್ವು."

"ಸಿಟ್ಟಿಗೆದ್ದಿರಲಿಲ್ಲವ್ವಾ."

"ಈಗ ಗೊತ್ತಾಗ್ಯಾದ್ರಿ," ಎಂದಳು. ನನ್ನ ಕಡೆ ನೋಡಲಿಲ್ಲ.

ಆಮೇಲೆ ಅವಳು ಕಲಿತು ಮುಗಿಸಿ ಹೋಗುವವರೆಗೂ ರೇಡಿಯೋದಲ್ಲಿ ಅವಳಷ್ಟು ಚೊಕ್ಕವಾಗಿ ಮಾತಾಡುವವರು ಇನ್ನೊಬ್ಬರಿರಲಿಲ್ಲ. ಅಂಗಳದಲ್ಲಿ ಸಿಕ್ಕರೆ ಸರ್ ಎನ್ನುತ್ತಿದ್ದಳು. ಅದು ಸರಿಯೇ. ಹಾಗಿದ್ದರೂ ಚಹಾ ಅಂಗಡಿಯ ಮುಂದೆ ನಿಂತಾಗ ಕೆಲವೊಮ್ಮೆ ಬೆನ್ನ ಹಿಂದಿನಿಂದ ಆ ಹಳೆಯ ಕರೆ ಬಂದೀತೆಂದು ಕಾಯುತ್ತಿದ್ದೆ.

ಆ ದಿನ ಕೆಳಗಿಳಿದಾಗ ಡ್ರೈವರ್ ಗಾಡಿ ಒರೆಸುತ್ತಿದ್ದ. "ಸಾಹೇಬ್ರ, ಡಬ್ಬಿ ತೆಗೀಲೇ ಇಲ್ಲ ನೀವು. ಪಲ್ಯ ಹಳಸಿರಬೇಕು ನೋಡ್ರಿ."

"ಪುಂಡಿ ಹಳಸಂಗಿಲ್ಲೋ."

"ಹಂಗಾದ್ರ ನಾಳಿಗೂ ಅದೇ," ಎಂದು ಹಣೆ ಬಡಿದುಕೊಂಡ. ಬೈಕು ಚಾಲೂ ಮಾಡಲು ಹೋದರೆ ಕೀಲಿ ತೂತಿಗೆ ಹೋಗಲಿಲ್ಲ. ಅವನೇ ಎದ್ದು ಬಂದು ಕೀಲಿ ಹಾಕಿ ಕೊಟ್ಟ.

ಮನೆಗೆ ಬಂದು ದೀಪ ಹಾಕಿದೆ. ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ಡಬ್ಬಿಯನ್ನು ಮೇಜಿನ ಮೇಲಿಟ್ಟು ಫೋನ್ ಮಾಡಿದೆ. ಹೆಂಡತಿ ಎತ್ತಿದಳು. ಆರಾಮ ಎಂಬ ಮಾತು ತಾನಾಗಿ ಬಾಯಿಗೆ ಬಂತು. ನುಂಗಿಕೊಂಡೆ.

"ಈಗ ಎಲ್ಲಿ ಕುಂತಿದಿ?"

"ಯಾಕ್ರಿ?"

"ಹೇಳು."

"ಮಂಚದ ಮ್ಯಾಲ."

"ಒಲಿ ಮ್ಯಾಲ ಏನದ?"

ಅವಳು ಸುಮ್ಮನಾದಳು. ಈ ಮೌನ ನನಗೆ ಈಗ ಗೊತ್ತಿತ್ತು. ಕಾದೆ.

"ಒಲಿ ಹಚ್ಚಿಲ್ರಿ."

"ಮಧ್ಯಾಹ್ನ ಏನ್ ತಿಂದಿ?"

"ಚಹಾ, ಬಿಸ್ಕೀಟು."

"ನಿನ್ನಿ ರಾತ್ರಿ?"

"ಅದೇ. ಒಬ್ಬಾಕಿಗೇ ಕುಕ್ಕರ್ ಇಡಲಾಕ ಮನಸ್ಸು ಬರಂಗಿಲ್ರಿ. ಭಾಳ ದಿನದಿಂದ ಬರಂಗಿಲ್ಲ."

"ದೀಪ?"

"ಹಾಕಿಲ್ಲ. ಇದೇನ್ರಿ ಇವತ್ತ, ವಿಮಾನದವರಿಗೆ ಕೇಳಿದಂಗ ಕೇಳಾಕತ್ತೀರಿ?"

ಆಗ ಅವಳಿಗೆ ಎಲ್ಲ ಹೇಳಿದೆ. ಚಿಮಣಿ ಅಳಿಸಿಹೋದದ್ದು, ಕಾಣದ ಹೊಳೆ, ಹುಡುಗಿಯ ಧ್ವನಿ ಒಡೆದದ್ದು. ಮುಗಿದ ಮೇಲೆ ಹೇಳಿದಳು, "ನಮ್ಮಲ್ಲೂ ಹಂಗೇರಿ. ನೋವದೇನು ಅಂತ ಕೇಳಿದ್ರ ಇಲ್ಲ ಅಂತಾರ. ಎಲ್ಲಿ ನೋವದ ಅಂತ ಕೇಳಬೇಕು." ಆಮೇಲೆ, ನರ್ಸಿನ ಧ್ವನಿಯಲ್ಲಿ, "ಈಗ ನಾ ಕೇಳ್ತೀನಿ. ನಿಮ್ಮ ಕೈ ಹ್ಯಾಂಗ ಅದಾವ?"

ಮೇಜಿನ ಮೇಲಿದ್ದ ಕೈಗಳನ್ನು ನೋಡಿಕೊಂಡೆ. "ನಡಗಾಕತ್ತಾವ."

"ಹೂಂ. ಬಿಸಿ ನೀರು ಕುಡೀರಿ. ಕುಡದು ಹೇಳ್ರಿ."

ಕುಡಿದು ಹೇಳಿದೆ. ಅವಳ ಕಡೆ ದೀಪದ ಸ್ವಿಚ್ಚಿನ ಸದ್ದು ಬಂತು, ಡಬ್ಬಿಯ ಮುಚ್ಚಳದ ಸದ್ದು, ಅಕ್ಕಿ ತೊಳೆಯುವ ಸದ್ದು.

"ಎರಡನೇ ತಾಟು ಎಲ್ಲಿ ಅದ?" ಎಂದು ಕೇಳಿದೆ.

ಅಕ್ಕಿ ತೊಳೆಯುವುದು ನಿಂತಿತು. "ಪೆಟ್ಟಿಗಿ ಒಳಗ. ಕಾಗದ ಸುತ್ತಿದ್ದು ಬಿಚ್ಚಿಲ್ಲ."

"ಬಿಚ್ಚಿ ತೊಳದಿಡು. ಐತವಾರ ಬರ್ತೀನಿ."

"ಪಾಳಿ?"

"ಬದಲಿ ಕೇಳ್ತೀನಿ. ಸಿಗಲಿಲ್ಲ ಅಂದ್ರ ಸಿಗಲಿಲ್ಲ ಅಂತ ಹೇಳ್ತೀನಿ."

"ಹಂಗೇ ಹೇಳ್ರಿ," ಎಂದಳು.

ಕುಕ್ಕರ್ ಕೂಗುವವರೆಗೆ ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಫೋನನ್ನು ನೀರಿನ ತಂಬಿಗೆಗೆ ಆನಿಸಿ ನಾನು ಡಬ್ಬಿ ಬಿಚ್ಚಿದೆ. ನಾನು ಉಂಡದ್ದು ತಣ್ಣಗಿನ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಅವಳು ಉಂಡದ್ದು ತೊಗರಿ ಬೇಳೆಯ ಖಿಚಡಿ, ಮೇಲೆ ಒಂದು ಚಮಚ ತುಪ್ಪ; ಉಪ್ಪು ಜಾಸ್ತಿಯಾಗಿದೆ ಎಂದು ತಾನಾಗಿಯೇ ಹೇಳಿದಳು. ಕೈ ತೊಳೆದು ಬಂದು ಮಂಚದ ಮೇಲೆ ಒರಗಿಕೊಂಡು, ದವಾಖಾನೆಗೆ ಬಂದಿದ್ದ ಒಬ್ಬ ಮುದುಕಿಯ ಕಥೆ ಹೇಳುತ್ತ ಹೇಳುತ್ತ ನಡುವೆ ಮಾತು ನಿಲ್ಲಿಸಿದಳು. ಏನಾಯಿತು ಎಂದು ಕೇಳಿದೆ. ಉತ್ತರ ಬರಲಿಲ್ಲ, ಉಸಿರು ಮಾತ್ರ ಬರುತ್ತಿತ್ತು. ಅವಳೇ ಮೊದಲು ಮಲಗಿದ್ದು. ನಾನು ಫೋನ್ ಇಡದೆ ತಾಟು ತೊಳೆದೆ.